ಎಲುಬಿನೊಳಗಿನ ಕೊಬ್ಬು

ಇಂದಿನ ಮಾತಿಗೆ ಪೀಠಿಕೆ ಹಾಕಿಕೊಟ್ಟವರು ನಮ್ಮ ದೊಡ್ಡವ್ವ. ಸುರಪುರದ ನಮ್ಮ ಮನೆತನದಲ್ಲಿ ಮೈತುಂಬಿದ ಹೆಣ್ಣುಮಗಳೆಂದರೆ ಅವರೇ. ಮದುವೆ, ಜಾತ್ರೆಗಳಲ್ಲಿ ಅವರನ್ನು ಕಂಡವರೆಲ್ಲ, "ಹಳೇ ಕಾಲದ ಎಲುಬು ನೋಡ್ರಿ, ಕಲ್ಲಿನಂಗ ಅದ" ಎಂದು ಹೊಗಳುತ್ತಿದ್ದರು. ಅವರಿಗೂ ಆ ಹೊಗಳಿಕೆ ಇಷ್ಟವೇ. ಸಕ್ಕರೆ ಕಾಯಿಲೆ ಹತ್ತು ಹನ್ನೆರಡು ವರ್ಷಗಳಿಂದ ಇತ್ತು. ಒಂದು ಬೆಳಿಗ್ಗೆ ಬಚ್ಚಲಿನ ಹೊಸ್ತಿಲ ಮೇಲೆ ಕಾಲು ಹೊರಳಿ ಕುಳಿತರು. ಬಿದ್ದರು ಎನ್ನುವ ಹಾಗೂ ಇಲ್ಲ, ಕುಳಿತರು, ಅಷ್ಟೇ. ಆದರೆ ಪಾದದ ಮೇಲಿನ ಗಿಣ್ಣಿನ ಎಲುಬು ಎರಡು ಕಡೆ ಸೀಳಿತ್ತು. ಮುಂದೆ ಎಲುಬಿನ ಸಾಂದ್ರತೆಯನ್ನು ಅಳೆಯುವ ಪರೀಕ್ಷೆಯನ್ನೂ ಮಾಡಿಸಿದೆವು. ವಯಸ್ಸಿಗೆ ಹೋಲಿಸಿದರೆ ಸಾಂದ್ರತೆ ಚೆನ್ನಾಗಿಯೇ ಇದೆಯೆಂದು ವರದಿ ಬಂತು. ದೊಡ್ಡವ್ವ ಆ ಕಾಗದವನ್ನು ಹಿಂದುಮುಂದು ತಿರುಗಿಸಿ ನೋಡಿ, "ಎಲುಬು ಛಲೋ ಅದಾವಂದ್ರ, ಮುರದದ್ದು ಯಾರ ಕಾಲು?" ಎಂದು ಕೇಳಿದರು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ವೈದ್ಯನಲ್ಲ, ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿ ನಿವೃತ್ತನಾದವನು. ಉತ್ತರವನ್ನು ಹುಡುಕುತ್ತ ಹೋದಂತೆ, ದೊಡ್ಡವ್ವ ಕೇಳಿದ್ದನ್ನೇ ಪ್ರಪಂಚದ ದೊಡ್ಡ ದೊಡ್ಡ ವಿದ್ವಾಂಸರೂ ತಮ್ಮ ಗೋಷ್ಠಿಗಳಲ್ಲಿ ಕೇಳಿಕೊಳ್ಳುತ್ತಿದ್ದಾರೆಂಬುದು ತಿಳಿಯಿತು. ಕೊಬ್ಬನ್ನು ಅಭ್ಯಾಸ ಮಾಡುವವರೂ ಎಲುಬನ್ನು ಅಭ್ಯಾಸ ಮಾಡುವವರೂ ಬಹುಕಾಲ ಬೇರೆ ಬೇರೆ ಪಂಕ್ತಿಯಲ್ಲಿ ಕುಳಿತು ಉಂಡವರು. ಈಗ ಒಂದೇ ಪಂಕ್ತಿಗೆ ಬಂದಿದ್ದಾರೆ. ಎಲುಬಿನ ಒಳಗಿರುವ ಕೊಬ್ಬು ಎಂಬ ಒಂದೇ ವಿಷಯವನ್ನು ಇಟ್ಟುಕೊಂಡು ೨೦೧೫ರಲ್ಲಿ ಫ್ರಾನ್ಸ್ ದೇಶದ ಲಿಲ್ ನಗರದಲ್ಲಿ ಅಂತರರಾಷ್ಟ್ರೀಯ ಸಭೆಯೊಂದು ನಡೆಯಿತು; ೨೦೧೭ರಲ್ಲಿ ಅದಕ್ಕಾಗಿಯೇ ಒಂದು ವಿದ್ವತ್ಸಂಘವೂ ಹುಟ್ಟಿತು. ಅಲ್ಲಿ ನಡೆಯುವ ಚರ್ಚೆಗೂ ನಮ್ಮ ಯಾದಗಿರಿ, ಶಹಾಪುರ, ಸುರಪುರಗಳ ಅಡಿಗೆಮನೆಗೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧವಿದೆ. ಸ್ವಲ್ಪ ಸುತ್ತಿಕೊಂಡು ಹೋಗಬೇಕು, ಅಷ್ಟೆ.

ಕೊಬ್ಬು ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಗೌರವವಿಲ್ಲ. "ಅವನಿಗೆ ಕೊಬ್ಬು" ಎಂದರೆ ಸೊಕ್ಕು ಎಂದರ್ಥ. ವಿಜ್ಞಾನವೂ ಬಹುಕಾಲ ಅದನ್ನು ಹೀಗೇ ಕಂಡಿತು. ಉಂಡು ಮಿಕ್ಕಿದ್ದನ್ನು ತುಂಬಿಡುವ ಹಗೇವು, ಬರಗಾಲಕ್ಕೆ ಇಟ್ಟ ಕಾಳು, ಅದಕ್ಕಿಂತ ಹೆಚ್ಚಿನದೇನೂ ಅಲ್ಲ ಎಂದು. ೧೯೯೪ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಅವರ ಸಂಗಡಿಗರು ಆ ಅಭಿಪ್ರಾಯವನ್ನು ತಲೆಕೆಳಗು ಮಾಡಿದರು. ಕೊಬ್ಬಿನ ಜೀವಕೋಶಗಳು ಒಂದು ರಸವನ್ನು ಒಸರಿ ರಕ್ತಕ್ಕೆ ಬಿಡುತ್ತವೆ. ಆ ರಸವು ಮೆದುಳಿಗೆ ಹೋಗಿ, ಹಗೇವು ಎಷ್ಟು ತುಂಬಿದೆಯೆಂಬ ವರದಿ ಒಪ್ಪಿಸುತ್ತದೆ. ಅದಕ್ಕೆ ಲೆಪ್ಟಿನ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಲೆಪ್ಟೋಸ್ ಎಂದರೆ ತೆಳ್ಳಗಿನದು. ಅಂದಿನಿಂದ ಕೊಬ್ಬು ಬರಿಯ ಮೂಟೆಯಾಗಿ ಉಳಿಯಲಿಲ್ಲ. ಥೈರಾಯ್ಡಿನಂತೆ ಅದೂ ಒಂದು ಗ್ರಂಥಿ ಎನಿಸಿಕೊಂಡಿತು. ಮೈಯಲ್ಲೆಲ್ಲ ಹರಡಿರುವ, ಮಾತನಾಡುವ ಗ್ರಂಥಿ.

ಇನ್ನು ಎಲುಬಿನ ಮಾತು. ಹೊಲದ ಬದಿಯಲ್ಲಿ ಬಿಸಿಲಿಗೆ ಬೆಳ್ಳಗಾಗಿ ಬಿದ್ದಿರುವ ದನದ ಎಲುಬನ್ನು ಕಂಡು, ನಮ್ಮೊಳಗಿನ ಎಲುಬೂ ಅಂಥದೇ ಎಂದು ಭಾವಿಸುತ್ತೇವೆ. ಅದು ಸತ್ತ ಎಲುಬು. ಬದುಕಿರುವ ಎಲುಬಿನಲ್ಲಿ ಹಗಲಿರುಳೂ ಕೆಲಸ ನಡೆದಿರುತ್ತದೆ. ಒಂದು ಬಗೆಯ ಜೀವಕೋಶಗಳು ಹಳೆಯದನ್ನು ಕೆಡವುತ್ತವೆ. ಇನ್ನೊಂದು ಬಗೆಯವು ಅದೇ ಜಾಗದಲ್ಲಿ ಹೊಸದನ್ನು ಕಟ್ಟುತ್ತವೆ. ವಯಸ್ಕರ ಅಸ್ಥಿಪಂಜರದ ಸುಮಾರು ಹತ್ತನೆಯ ಒಂದು ಪಾಲು ಪ್ರತಿ ವರ್ಷ ಹೀಗೆ ಹೊಸದಾಗುತ್ತದೆ. ಕೆಡವುವವರ ಕೈ ಚುರುಕಾಗಿ ಕಟ್ಟುವವರ ಕೈ ನಿಧಾನವಾದರೆ ಎಲುಬು ಟೊಳ್ಳಾಗುತ್ತ ಬರುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಇದು ಬೇಗ ಆಗುತ್ತದೆ.

ಎಲುಬಿನ ನಡುವೆ ಮಜ್ಜೆಯಿದೆ. ಹುಟ್ಟಿದ ಕೂಸಿನಲ್ಲಿ ಮಜ್ಜೆಯೆಲ್ಲ ಕೆಂಪು, ರಕ್ತ ತಯಾರಿಸುವ ಒಲೆ. ವಯಸ್ಸಾದಂತೆ ಅದು ಹಳದಿಯಾಗುತ್ತ ಹೋಗುತ್ತದೆ. ಆ ಹಳದಿಯೇ ಕೊಬ್ಬು. ಈ ಮಜ್ಜೆಯಲ್ಲಿಯೇ ಇನ್ನೂ ವೃತ್ತಿ ಗೊತ್ತಾಗದ ಎಳೆಯ ಜೀವಕೋಶಗಳಿರುತ್ತವೆ. ಸೋವಿಯತ್ ರಷ್ಯದ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ಎಂಬವರು ೧೯೬೦ರ ದಶಕದಿಂದ ಇವುಗಳ ಬೆನ್ನು ಹತ್ತಿದವರು. ಇಂಥ ಒಂದೇ ಎಳೆಯ ಜೀವಕೋಶ ಎಲುಬು ಕಟ್ಟುವ ಕೋಶವೂ ಆಗಬಲ್ಲದು, ಕೊಬ್ಬಿನ ಕೋಶವೂ ಆಗಬಲ್ಲದು. ಒಂದೇ ಮನೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರಲ್ಲಿ ಒಬ್ಬ ಗೌಂಡಿಯಾಗಿ ಗೋಡೆ ಕಟ್ಟಿದ, ಇನ್ನೊಬ್ಬ ಉಗ್ರಾಣ ಕಾಯುತ್ತ ಕುಳಿತ, ಅಂದ ಹಾಗೆ. ಎಲ್ಲರೂ ಉಗ್ರಾಣಕ್ಕೇ ನಡೆದರೆ ಗೋಡೆ ಕಟ್ಟುವವರು ಯಾರು? ವಯಸ್ಸು ಏರಿದಂತೆ, ಮೈಗೆ ದುಡಿಮೆ ತಪ್ಪಿದಂತೆ, ತಿಂಗಳುಗಟ್ಟಲೆ ಹಾಸಿಗೆ ಹಿಡಿದಾಗ, ಈ ಎಳೆಯ ಕೋಶಗಳು ಉಗ್ರಾಣದ ಕಡೆಗೇ ವಾಲುತ್ತವೆ.

ಇಲ್ಲಿ ಒಂದು ವಿಚಿತ್ರವನ್ನು ಹೇಳಲೇಬೇಕು. ಉಪವಾಸ ಬಿದ್ದು ಮೈಯ ಕೊಬ್ಬೆಲ್ಲ ಕರಗಿ ಹೋದವರಲ್ಲಿ ಮಜ್ಜೆಯ ಕೊಬ್ಬೂ ಕರಗಿರಬೇಕಲ್ಲವೆ? ಇಲ್ಲ; ಅದು ಹೆಚ್ಚಾಗಿರುತ್ತದೆ! ಊಟವನ್ನೇ ಬಿಟ್ಟುಬಿಡುವ ಒಂದು ಮನೋವ್ಯಾಧಿಯಿದೆ. ಅದಕ್ಕೆ ತುತ್ತಾದ ಹುಡುಗಿಯರಲ್ಲಿ ಇದನ್ನು ಸ್ಪಷ್ಟವಾಗಿ ಕಂಡಿದ್ದಾರೆ. ಅವರ ಎಲುಬೂ ಸವೆದಿರುತ್ತದೆ. ಆದುದರಿಂದ ಹೊರಗಿನ ತೆಳುವನ್ನು ಕಂಡು ಒಳಗಿನ ಲೆಕ್ಕ ಹೇಳಲು ಬರುವುದಿಲ್ಲ.

ನಮ್ಮ ಆಯುರ್ವೇದದವರು ಸಪ್ತಧಾತುಗಳನ್ನು ಹೇಳುವಾಗ ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂದು ಒಂದರಿಂದ ಒಂದು ಹುಟ್ಟುವ ಸಾಲಾಗಿ ಹೇಳಿದರು. ಮೇದಸ್ಸಿನ ಪಕ್ಕದಲ್ಲಿಯೇ ಅಸ್ಥಿ, ಅಸ್ಥಿಯ ಪಕ್ಕದಲ್ಲಿ ಮಜ್ಜೆ. ಹಿಂದಿನವರಿಗೆ ಜೀವಕೋಶದ ಸಂಗತಿ ತಿಳಿದಿತ್ತೆಂದು ಎದೆ ತಟ್ಟಿಕೊಳ್ಳುವವರ ಪೈಕಿ ನಾನಲ್ಲ. ಆದರೆ ಈ ಮೂರನ್ನೂ ನೆರೆಹೊರೆಯಲ್ಲಿ ಕೂರಿಸಿದ ಅವರ ಕಣ್ಣಿಗೆ ಒಂದು ನಮಸ್ಕಾರ ಹೇಳಬೇಕೆನಿಸುತ್ತದೆ.

ಕೊಬ್ಬು ಎಲುಬಿಗೆ ಏನು ಹೇಳುತ್ತದೆ ಎಂಬ ವಿಚಾರದಲ್ಲಿ ವಿದ್ವಾಂಸರ ನಡುವೆ ಒಳ್ಳೆಯ ಜಗಳವೇ ನಡೆದಿದೆ. ಅಮೆರಿಕದಲ್ಲಿ ಕೆಲಸ ಮಾಡುವ ಜೆರಾರ್ ಕಾರ್ಸೆಂಟಿಯವರ ಗುಂಪು ೨೦೦೦ದಲ್ಲಿ, ಲೆಪ್ಟಿನ್ ಇಲ್ಲದೆ ಹುಟ್ಟಿದ ದಪ್ಪ ಇಲಿಗಳ ಬೆನ್ನೆಲುಬಿನಲ್ಲಿ ಎಲುಬು ವಾಡಿಕೆಗಿಂತ ಹೆಚ್ಚಾಗಿದೆಯೆಂದೂ, ಲೆಪ್ಟಿನ್ ಮೆದುಳಿನ ಮೂಲಕ ಎಲುಬು ಕಟ್ಟುವ ಕೆಲಸಕ್ಕೆ ಲಗಾಮು ಹಾಕುತ್ತದೆಂದೂ ಹೇಳಿತು. ಅದೇ ಇಲಿಗಳ ಕಾಲಿನ ಎಲುಬು ಮೋಟಾಗಿ, ಬಡಕಲಾಗಿದೆಯಲ್ಲ ಎಂದು ಬೇರೆಯವರು ಅಡ್ಡ ಪ್ರಶ್ನೆ ಹಾಕಿದರು. ೨೦೦೭ರಲ್ಲಿ ಅದೇ ಗುಂಪು ಇನ್ನೊಂದು ಸುದ್ದಿ ತಂದಿತು. ಎಲುಬು ಕಟ್ಟುವ ಕೋಶಗಳು ಆಸ್ಟಿಯೋಕ್ಯಾಲ್ಸಿನ್ ಎಂಬ ರಸವನ್ನು ಬಿಟ್ಟು, ಮೇದೋಜೀರಕಕ್ಕೆ ಇನ್ಸುಲಿನ್ ಸುರಿಸುವಂತೆ ಹೇಳಿಕಳುಹಿಸುತ್ತವೆ, ಎಂದರೆ ಎಲುಬೂ ಸಕ್ಕರೆಯ ಲೆಕ್ಕದಲ್ಲಿ ಪಾಲುದಾರ, ಎಂದು. ಎಲ್ಲರೂ ತಲೆದೂಗಿದರು. ಆದರೆ ೨೦೨೦ರಲ್ಲಿ ಎರಡು ಬೇರೆ ಬೇರೆ ಗುಂಪುಗಳು ಆಸ್ಟಿಯೋಕ್ಯಾಲ್ಸಿನ್ ಇಲ್ಲದ ಇಲಿಗಳನ್ನು ತಾವೂ ಸಿದ್ಧಪಡಿಸಿ ನೋಡಿದಾಗ ಅವುಗಳ ಸಕ್ಕರೆಯಲ್ಲಿ ಯಾವ ಏರುಪೇರೂ ಕಾಣಲಿಲ್ಲ. ಈ ವ್ಯಾಜ್ಯ ಇತ್ಯರ್ಥವಾಗಿಲ್ಲ. ಪತ್ರಿಕೆಯಲ್ಲಿ "ವಿಜ್ಞಾನಿಗಳು ಕಂಡುಹಿಡಿದರು" ಎಂಬ ತಲೆಬರಹ ಕಂಡೊಡನೆ ಅಂಗಡಿಗೆ ಹೋಗಿ ಡಬ್ಬಿ ಪುಡಿ ಕೊಳ್ಳುವವರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಒಳಿತು.

ಇಲಿಗಳನ್ನು ಬಿಟ್ಟು ಮನುಷ್ಯರ ಕಡೆಗೆ ಬಂದರೆ ಕೆಲವು ಮಾತುಗಳು ಗಟ್ಟಿಯಾಗಿವೆ. ಭಾರದ ಮೈ ಎಲುಬಿಗೆ ಒಳ್ಳೆಯದು ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಮಾತ್ರವಲ್ಲ, ವೈದ್ಯಗ್ರಂಥಗಳಲ್ಲೂ ಇತ್ತು. ಅದರಲ್ಲಿ ಅರ್ಧ ಸತ್ಯವಿದೆ. ಭಾರ ಹೊತ್ತ ಎಲುಬು ಗಟ್ಟಿಯಾಗುತ್ತದೆ. ಸೊಂಟದ ಸುತ್ತಲಿನ ಕೊಬ್ಬು ಬಿದ್ದಾಗ ಗಾದಿಯಂತೆ ಕಾಯುತ್ತದೆ. ಆದರೆ ಅನೇಕ ದೇಶಗಳ ಹೆಂಗಸರನ್ನು ಪರಿಶೀಲಿಸಿ ೨೦೧೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಥೂಲಕಾಯದವರು ಎಲುಬು ಮುರಿತದಿಂದ ಪಾರಾಗಿರಲಿಲ್ಲ. ಪಾದದ ಗಿಣ್ಣು ಮತ್ತು ತೊಡೆಯ ಮುರಿತ ಅವರಲ್ಲೇ ಹೆಚ್ಚಾಗಿತ್ತು. ಸಕ್ಕರೆ ಕಾಯಿಲೆಯವರ ವಿಷಯ ಇನ್ನೂ ವಿಪರೀತ. ವಯಸ್ಸಾದ ಮೇಲೆ ಬರುವ ಸಕ್ಕರೆ ಕಾಯಿಲೆಯಲ್ಲಿ ಎಲುಬಿನ ಸಾಂದ್ರತೆ ಸರಿಯಾಗಿಯೇ, ಕೆಲವೊಮ್ಮೆ ಹೆಚ್ಚಾಗಿಯೇ ಕಾಣುತ್ತದೆ. ಆದರೂ ಮುರಿಯುವುದು ಹೆಚ್ಚು. ರಕ್ತದ ಸಕ್ಕರೆ ಎಲುಬಿನೊಳಗಿನ ನಾರಿಗೆ ಅಂಟಿಕೊಂಡು ಅದನ್ನು ಪೆಡಸು ಮಾಡುತ್ತದೆ. ಕಣ್ಣು ಮಂಜಾಗುತ್ತದೆ, ಅಂಗಾಲು ಜೋಮು ಹಿಡಿಯುತ್ತದೆ, ಆದ್ದರಿಂದ ಬೀಳುವುದೂ ಹೆಚ್ಚು. ದೊಡ್ಡವ್ವನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿ ದೊರಕಿತು.

ಔಷಧದಿಂದಲೂ ಒಂದು ಪಾಠ ಸಿಕ್ಕಿದೆ. ಗ್ಲಿಟಝೋನ್ ಎಂಬ ಜಾತಿಯ ಸಕ್ಕರೆ ಮಾತ್ರೆಗಳಿವೆ. ಅವು ಎಳೆಯ ಕೋಶಗಳನ್ನು ಕೊಬ್ಬಿನ ಕಡೆಗೆ ತಳ್ಳುವಂಥವು. ೨೦೦೬ರಲ್ಲಿ ಪ್ರಕಟವಾದ ದೊಡ್ಡದೊಂದು ಪರೀಕ್ಷೆಯಲ್ಲಿ, ಈ ಜಾತಿಯ ರೋಸಿಗ್ಲಿಟಝೋನ್ ತೆಗೆದುಕೊಂಡ ಹೆಂಗಸರಲ್ಲಿ ಎಲುಬು ಮುರಿತ ಇನ್ನೊಂದು ಮಾತ್ರೆಯವರಿಗಿಂತ ಇಮ್ಮಡಿಗೆ ಹತ್ತಿರವಿತ್ತು. ಆ ಮಾತ್ರೆಯನ್ನು ಹೃದಯದ ಕಾರಣಕ್ಕಾಗಿ ೨೦೧೦ರಲ್ಲಿ ನಮ್ಮ ದೇಶದಲ್ಲಿ ನಿಲ್ಲಿಸಿದರು. ಅದೇ ಜಾತಿಯ ಪಯೋಗ್ಲಿಟಝೋನ್ ಇನ್ನೂ ಬಳಕೆಯಲ್ಲಿದೆ. ಇದನ್ನು ಓದಿ ಯಾರೂ ಮಾತ್ರೆಯನ್ನು ತಾವಾಗಿ ಬಿಡಬೇಡಿ. ಮನೆಯಲ್ಲಿ ಹಿಂದೆ ಎಲುಬು ಮುರಿದವರಿದ್ದರೆ ಆ ಸಂಗತಿಯನ್ನು ವೈದ್ಯರ ಕಿವಿಗೆ ಹಾಕಿರಿ, ಅಷ್ಟು ಸಾಕು.

ಇನ್ನು ನಮ್ಮ ಸೀಮೆಯ ಮಾತು. "ನಮ್ಮ ಕಡೆ ದಪ್ಪನೆಯವರು ಎಷ್ಟು ಮಂದಿ ಇದ್ದಾರ್ರಿ?" ಎಂದು ನೀವು ಕೇಳಬಹುದು. ತೂಕದ ಲೆಕ್ಕ ಇಲ್ಲಿ ಮೋಸ ಮಾಡುತ್ತದೆ. ಪುಣೆಯ ವೈದ್ಯ ಯಾಜ್ಞಿಕರೂ ಲಂಡನ್ನಿನ ವೈದ್ಯ ಯುಡ್ಕಿನ್ನರೂ ೨೦೦೪ರಲ್ಲಿ ತಮ್ಮದೇ ಚಿತ್ರವನ್ನು ಒಂದು ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಅಂಕ ಇಬ್ಬರಿಗೂ ೨೨.೩, ಒಂದು ಕೂದಲೆಳೆಯ ಅಂತರವೂ ಇಲ್ಲ. ಆದರೆ ಮೈಯಲ್ಲಿರುವ ಕೊಬ್ಬು ಯುಡ್ಕಿನ್ನರಿಗೆ ನೂರಕ್ಕೆ ೯.೧, ಯಾಜ್ಞಿಕರಿಗೆ ೨೧.೨! ತೆಳ್ಳಗೆ ಕಾಣುವ ಭಾರತೀಯನ ಒಳಗೆ ಕೊಬ್ಬು ಅಡಗಿ ಕುಳಿತಿರುತ್ತದೆ, ಅದೂ ಹೊಟ್ಟೆಯ ಸುತ್ತ. ಹುಟ್ಟುವಾಗಲೇ ಹೀಗೆ. ಪುಣೆಯ ಸುತ್ತಲಿನ ಹಳ್ಳಿಗಳ ಕೂಸುಗಳು ಸರಾಸರಿ ೨.೭ ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳು ೩.೫ ಕಿಲೋ, ನಮ್ಮ ಕೂಸುಗಳಿಗೆ ಮಾಂಸಖಂಡ ಕಡಿಮೆ, ಆದರೆ ಚರ್ಮದಡಿಯ ಕೊಬ್ಬು ಅಷ್ಟೊಂದು ಕಡಿಮೆಯಲ್ಲ. ನಮ್ಮ ರಾಜ್ಯದ ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆಯವರು ೧೯೩೪ರಿಂದ ಪ್ರತಿ ಕೂಸಿನ ತೂಕವನ್ನು ದಫ್ತರದಲ್ಲಿ ಬರೆದಿಟ್ಟಿದ್ದರು. ಆ ಕೂಸುಗಳು ಬೆಳೆದು ನಡುವಯಸ್ಸು ದಾಟಿದ ಮೇಲೆ ಹುಡುಕಿ ಪರೀಕ್ಷಿಸಿದಾಗ, ಸಣ್ಣಗೆ ಹುಟ್ಟಿದವರಲ್ಲಿ ಹೃದಯದ ರೋಗ ಹೆಚ್ಚೆಂದು ಕಂಡುಬಂತು. ಇದು ೧೯೯೬ರಲ್ಲಿ ಪ್ರಕಟವಾಯಿತು. ಆ ಹಳೆಯ ದಫ್ತರಗಳನ್ನು ಇಲಿ ಗೆದ್ದಲು ತಿನ್ನದಂತೆ ಕಾಪಾಡಿದ ಗುಮಾಸ್ತರನ್ನು ಯಾರೂ ಹೊಗಳುವುದಿಲ್ಲ, ನಾನಾದರೂ ಹೊಗಳುತ್ತೇನೆ.

ಆದುದರಿಂದ ತಕ್ಕಡಿಗಿಂತ ದರ್ಜಿಯ ಟೇಪು ಮೇಲು. ಸೊಂಟದ ಸುತ್ತಳತೆ ಗಂಡಸರಿಗೆ ೯೦, ಹೆಂಗಸರಿಗೆ ೮೦ ಸೆಂಟಿಮೀಟರ್ ಮೀರಿದರೆ ಎಚ್ಚರಿಕೆ ಎಂದು ನಮ್ಮ ದೇಶದ ವೈದ್ಯರು ಗೊತ್ತುಮಾಡಿದ್ದಾರೆ. ನಾರಾಯಣಪುರದ ಕಾಲುವೆಯ ನೀರು ಬಂದ ಮೇಲೆ ಶಹಾಪುರ, ಸುರಪುರಗಳ ಎಷ್ಟೋ ಹೊಲಗಳಲ್ಲಿ ಜೋಳ ಹೋಗಿ ಭತ್ತ ಬಂತು. ರೊಟ್ಟಿ ಬಡಿಯುವ ಸಪ್ಪಳ ಕಡಿಮೆಯಾಗಿ ಅನ್ನದ ಕುಕ್ಕರಿನ ಸಿಳ್ಳು ಹೆಚ್ಚಾಯಿತು. ಹೊಲದ ದುಡಿಮೆಗೆ ಯಂತ್ರ ಬಂತು. ಕಾಲುವೆಯನ್ನು ನಾನು ದೂರುವುದಿಲ್ಲ. ಬರಗಾಲ ಕಂಡ ಯಾರೂ ದೂರಲಾರರು. ಊಟದ ಅಳತೆ ಹಳೆಯದೇ ಉಳಿದು ದುಡಿಮೆಯ ಅಳತೆ ಮಾತ್ರ ಇಳಿಯಿತೆಂಬುದಷ್ಟೇ ನನ್ನ ದೂರು.

ದೊಡ್ಡವ್ವನ ಪ್ರಶ್ನೆಯ ಉಳಿದರ್ಧ ಉತ್ತರ ನೆಲದಡಿಯಲ್ಲಿ ಇದೆಯೇನೋ ಎಂಬ ಅನುಮಾನ ನನಗೆ ಬಂತು. ಶಹಾಪುರದ ಹತ್ತಿರ ಬುದ್ಧ ಮಲಗಿದಂತೆ ಕಾಣುವ ಗುಡ್ಡವನ್ನು ನೀವೆಲ್ಲ ಕಂಡಿದ್ದೀರಿ. ನಮ್ಮ ಈ ಗುಡ್ಡಗಳು ಬಹುಮಟ್ಟಿಗೆ ಗ್ರಾನೈಟ್ ಜಾತಿಯ ಕಲ್ಲು. ಆ ಕಲ್ಲಿನಲ್ಲಿ ಅಪಟೈಟ್ ಎಂಬ ಖನಿಜದ ಹರಳುಗಳಿರುತ್ತವೆ. ಆಶ್ಚರ್ಯವೆಂದರೆ, ನಮ್ಮ ಎಲುಬಿಗೆ ಗಟ್ಟಿತನ ಕೊಡುವುದೂ ಅಪಟೈಟ್ ಕುಲದ ಹರಳೇ. ಗುಡ್ಡಕ್ಕೂ ನಮಗೂ ಎಲುಬಿನ ನಂಟು! ಆದರೆ ಕಲ್ಲಿನ ಹರಳಿನಲ್ಲಿ ಫ್ಲೋರೈಡ್ ಇರುತ್ತದೆ. ಆಳದ ಬೋರಿನಲ್ಲಿ ಕಲ್ಲಿನೊಡನೆ ಬಹುಕಾಲ ಕೂಡಿದ್ದ ನೀರು ಅದನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ೧ ಮಿಲಿಗ್ರಾಂ ಇರಬಹುದು, ಬೇರೆ ನೀರು ಸಿಗದಿದ್ದರೆ ೧.೫ರ ತನಕ, ಎಂದು ನಮ್ಮ ದೇಶದ ಮಾನಕ. ಯಾದಗಿರಿ ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಅದು ಈ ಮಿತಿಯನ್ನು ಮೀರಿದೆ.

ಈ ಫ್ಲೋರೈಡ್ ಎಲುಬಿನ ಹರಳಿನೊಳಗೆ ನುಗ್ಗಿ ಅಲ್ಲಿಯೇ ಬೀಡುಬಿಡುತ್ತದೆ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡಿಸುತ್ತದೆ. ವರ್ಷಗಟ್ಟಲೆ ಕುಡಿದವರ ಕುತ್ತಿಗೆ, ಬೆನ್ನು ಬಿಗಿದು, ಚಕ್ಕಲಮಕ್ಕಲ ಹಾಕಿ ಕೂರಲು ಬಾರದಂತೆ ಆಗುತ್ತದೆ. ಎಕ್ಸ್‌ರೇ ತೆಗೆದರೆ ಎಲುಬು ಸುಣ್ಣ ಬಳಿದಂತೆ ದಟ್ಟವಾಗಿ ಕಾಣುತ್ತದೆ. ದಟ್ಟವಾದದ್ದು ಗಟ್ಟಿಯೇ? ಇದನ್ನು ಅಮೆರಿಕದ ಮೇಯೋ ಕ್ಲಿನಿಕ್ಕಿನವರು ಬೇರೆ ಉದ್ದೇಶದಿಂದ ಪರೀಕ್ಷಿಸಿದ್ದರು. ಎಲುಬು ಸವೆದ ಹೆಂಗಸರಿಗೆ ನಾಲ್ಕು ವರ್ಷ ಫ್ಲೋರೈಡನ್ನು ಔಷಧವಾಗಿ ಕೊಟ್ಟರು. ೧೯೯೦ರಲ್ಲಿ ಫಲಿತಾಂಶ ಹೊರಬಂತು. ಬೆನ್ನೆಲುಬಿನ ಸಾಂದ್ರತೆ ನೂರಕ್ಕೆ ೩೫ರಷ್ಟು ಏರಿತ್ತು. ಆದರೆ ಬೆನ್ನೆಲುಬಿನ ಮುರಿತ ಹೇಳುವಷ್ಟು ತಗ್ಗಲಿಲ್ಲ. ಕೈಕಾಲುಗಳ ಎಲುಬು ಮುರಿದದ್ದು ಹೆಚ್ಚಾಯಿತು. ಕೊಬ್ಬಿನ ಮೈಯವರ ಎಲುಬಿನಲ್ಲಿ, ಸಕ್ಕರೆಯವರ ಎಲುಬಿನಲ್ಲಿ ಕಂಡ ಅದೇ ಮೋಸ ಇಲ್ಲಿಯೂ. ಅಳತೆಯಲ್ಲಿ ಭೇಷ್, ಬಿದ್ದಾಗ ಪುಡಿ.

ನೆರೆಯ ತೆಲುಗು ಸೀಮೆಯ ನಲ್ಗೊಂಡದಲ್ಲಿ ಇದರ ಇನ್ನೂ ಕ್ರೂರವಾದ ರೂಪ ಕಂಡಿತ್ತು. ಬೆಳೆಯುವ ಹುಡುಗರ ಮೊಳಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ಬಡಿಯುವ ರೋಗವನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿಯವರು ೧೯೭೩ರಲ್ಲಿ ಲೋಕಕ್ಕೆ ತಿಳಿಸಿದರು. ಜೋಳವನ್ನೇ ಮುಖ್ಯ ಆಹಾರವಾಗಿ ಉಳ್ಳವರ ಮೈಯಲ್ಲಿ ಅಕ್ಕಿ ಉಣ್ಣುವವರಿಗಿಂತ ಫ್ಲೋರೈಡ್ ಹೆಚ್ಚು ನಿಲ್ಲುತ್ತದೆಂದು ಅದೇ ಸಂಸ್ಥೆ ಮುಂದೆ ಕಂಡಿತು. ಇದನ್ನು ಕೇಳಿ ರೊಟ್ಟಿಯ ಮೇಲೆ ಮುನಿಯಬಾರದು. ತಪ್ಪು ನೀರಿನದು. ನೀರು ಸರಿಯಿದ್ದಲ್ಲಿ ಜೋಳದಂಥ ಆಹಾರ ನಮಗೆ ಇನ್ನೊಂದಿಲ್ಲ. ಸಕ್ಕರೆ ಕಾಯಿಲೆಯವರಿಗಂತೂ ಪಾಲಿಶ್ ಮಾಡಿದ ಅನ್ನಕ್ಕಿಂತ ಮೇಲು. ಪಕ್ಕದಲ್ಲಿ ಮೊಸರು ಇರಲಿ, ಎಳ್ಳಿನ ಪುಡಿ ಇರಲಿ, ನುಗ್ಗೆಸೊಪ್ಪಿನ ಪಲ್ಯ ಇರಲಿ. ಸುಣ್ಣದ ಅಂಶ ಸಾಕಷ್ಟು ಸಿಕ್ಕವರಿಗೆ ಫ್ಲೋರೈಡಿನ ಹಾವಳಿ ಕಡಿಮೆ.

ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ಪಟಿಕ ಮತ್ತು ಸುಣ್ಣ ಬೆರೆಸಿ ಕಲಕಿ ತಳಕ್ಕೆ ಇಳಿಸುವ ವಿಧಾನವೊಂದನ್ನು ನಾಗಪುರದ ವಿಜ್ಞಾನಿಗಳು ರೂಪಿಸಿ ಅದಕ್ಕೆ ನಲ್ಗೊಂಡದ ಹೆಸರನ್ನೇ ಇಟ್ಟಿದ್ದಾರೆ. ಅಳತೆ ತಪ್ಪದೆ ಮಾಡಬೇಕು. ಊರಿನ ಶುದ್ಧ ನೀರಿನ ಘಟಕ ಚೆನ್ನಾಗಿ ನಡೆಯುತ್ತಿದ್ದರೆ ಅದರ ನೀರು ಆದೀತು. ಶುಚಿಯಾದ ಮಾಳಿಗೆಯಿಂದ ಹಿಡಿದ ಮಳೆಯ ನೀರಿನಲ್ಲಿ ಈ ಪೀಡೆಯೇ ಇಲ್ಲ. ಕೃಷ್ಣೆ, ಭೀಮೆಯರ ನೀರು ಶುದ್ಧವಾಗಿ ನಳಕ್ಕೆ ಬರುತ್ತಿದ್ದರೆ ಕುಡಿಯಲಿಕ್ಕೆ ಅದನ್ನೇ ಇಟ್ಟುಕೊಂಡು, ಬೋರಿನದನ್ನು ಬಟ್ಟೆ ಪಾತ್ರೆಗೆ ಬಿಡಿ. ಮನೆಯಲ್ಲಿ ಎಂಟು ವರ್ಷದೊಳಗಿನ ಮಕ್ಕಳಿದ್ದರೆ ಇದನ್ನು ನಾಳೆಗೆ ಮುಂದೂಡಬೇಡಿ. ಹಲ್ಲು ಒಳಗೆ ರೂಪುಗೊಳ್ಳುವ ಕಾಲ ಅದು.

ನಾವೂ ಮನೆಯ ಬೋರಿನ ನೀರನ್ನು ತೊಳೆದ ಬಾಟಲಿಯಲ್ಲಿ ಹಿಡಿದು ಪರೀಕ್ಷೆಗೆ ಕಳುಹಿಸಿದೆವು. ಮಿತಿಗಿಂತ ಹೆಚ್ಚೇ ಇತ್ತು. ದೊಡ್ಡವ್ವನ ಗಿಣ್ಣು ಮುರಿದದ್ದಕ್ಕೆ ಸಕ್ಕರೆ ಎಷ್ಟು ಕಾರಣ, ಮೈಯ ಭಾರ ಎಷ್ಟು, ನೀರು ಎಷ್ಟು ಎಂದು ಪಾಲು ಹಾಕಿ ಹೇಳಲು ಯಾವ ಗೋಷ್ಠಿಯಿಂದಲೂ ಸಾಧ್ಯವಿಲ್ಲವೆಂದು ಅವರಿಗೆ ತಿಳಿಸಿದೆ. "ಅಷ್ಟ ಮಂದಿ ಶಾಣ್ಯಾರು ಕೂತು ಇಷ್ಟs ಏನು?" ಎಂದರು. ಈಗ ಬಚ್ಚಲಿನ ಹೊಸ್ತಿಲನ್ನು ಒಡೆಸಿ ನೆಲಮಟ್ಟ ಮಾಡಿಸಿದ್ದೇವೆ, ಗೋಡೆಗೆ ಹಿಡಿಕೆ ಹಾಕಿಸಿದ್ದೇವೆ. ಕುಡಿಯುವ ಕೊಡ ಬೇರೆಯಾಗಿದೆ. ಬೆಳಗಿನ ಬಿಸಿಲಿನಲ್ಲಿ ಕೋಲು ಹಿಡಿದು ಓಣಿಯ ಬೇವಿನ ಮರದ ತನಕ ಹೋಗಿ ಬರುತ್ತಾರೆ. ಮೊದಲು ಒಂದು ಸುತ್ತು ಇತ್ತು, ಈಗ ಮೂರು ಆಗಿದೆ. ಮೂರನೆಯ ಸುತ್ತಿನಲ್ಲಿ ನನ್ನನ್ನೂ ಕರೆಯುತ್ತಾರೆ, ನನ್ನ ಹೊಟ್ಟೆಯ ಕಡೆಗೆ ಒಮ್ಮೆ ನೋಡಿ.